ಕಾಲುವೆ ದಾರಿ ಹಿಡಿಯುವ ಮುನ್ನ

ಪ್ರೀತಿಯ ಪುಟ್ಟಿ,

ಫ್ರಾನ್ಸ್‌ನ ಟೂಲೂಸ್‌ನಿಂದ ಸೈಕಲ್ ತಗೊಂಡು ಎಲ್ಲಾದರೂ ಹೋಗಬೇಕು, ಆದರೆ ಏರು ದಾರಿ ಬೇಡ ಅಂತ ಬರೆದಿದ್ದೀಯ. ಹಾಗಾದರೆ ಮ್ವಾಸಾಕ್‌ನಿಂದ ಅಜೆನ್‌ಗೆ ಹೋಗು. ಗರೋನ್ ನದಿಯ ಜೊತೆಜೊತೆಗೇ ಸಾಗುವ ಕಾಲುವೆಯ ದಂಡೆ ಮೇಲೆ ಒಳ್ಳೆಯ ಸೈಕಲ್ ದಾರಿ ಇದೆ. ಕಾರುಗಳ ಕಾಟ ಇಲ್ಲ. ಹೆಚ್ಚುಕಮ್ಮಿ 45 ಕಿಲೋಮೀಟರ್, ಪೂರಾ ಸಮತಟ್ಟು. ಎರಡೂ ಊರಿಗೆ ರೈಲು ಇದೆ, ಸೈಕಲನ್ನೂ ಹತ್ತಿಸಬಹುದು.

ದಾರಿ ಸುಲಭ ಅಂತ ಒಂದೇ ಉಸಿರಿಗೆ ಮುಗಿಸಿಬಿಡಬೇಡ. ಎರಡು ದಿನ ಇಟ್ಟುಕೋ. ಪೆಡಲ್ ತುಳಿಯುವ ಮೊದಲು ಮ್ವಾಸಾಕ್‌ನ ಮಠದ ಅಂಗಳಕ್ಕೆ ಹೋಗು. 1100ರಲ್ಲಿ ಕಟ್ಟಿದ್ದು. ಒಂದು ಒಂಟಿ ಕಂಬ, ಪಕ್ಕದ್ದು ಜೋಡಿ ಕಂಬ, ಹೀಗೇ ಸುತ್ತಲೂ. ಕಂಬಗಳ ತಲೆಯ ಮೇಲೆ 76 ಕೆತ್ತನೆಗಳು. ಕತ್ತೆತ್ತಿ ಒಂದೊಂದನ್ನೂ ನಿಧಾನವಾಗಿ ನೋಡು. ನೀನು ಬಂದಿಳಿಯುವ ರೈಲಿದೆಯಲ್ಲ, ಅದರ ಹಳಿ ಹಾಕೋದಕ್ಕೆ ಈ ಮಠದ ಊಟದ ಮನೆಯನ್ನೇ ಕೆಡವಿದರು. ಈ ಅಂಗಳ ಉಳಿದದ್ದೇ ಪುಣ್ಯ.

ರಾತ್ರಿ ವಾಲಾನ್ಸ್ ದಜೆನ್‌ನಲ್ಲಿ ತಂಗು. ಅಲ್ಲಿಂದ ನದಿಯಾಚೆ ಗುಡ್ಡದ ಮೇಲೆ ಓವಿಲಾರ್ ಇದೆ. ಏರು ಬೇಡ ಅಂದಿದ್ದೀಯ, ಗೊತ್ತು. ಆದರೂ ಇದೊಂದನ್ನು ನನಗೋಸ್ಕರ ಹತ್ತು, ಸೈಕಲ್ ತಳ್ಳಿಕೊಂಡು ಹೋದರೂ ಪರವಾಗಿಲ್ಲ. ಕಾಲುವೆ ದಂಡೆಯಲ್ಲೇ ಹೋದರೆ ನದಿ ಕಣ್ಣಿಗೆ ಬೀಳೋದೇ ಅಪರೂಪ. ಮೇಲೆ ನಿಂತರೆ ಗರೋನ್ ಪೂರ್ತಿ ಕಾಣುತ್ತದೆ, ದೂರದಲ್ಲಿ ಗೋಲ್ಫೆಷ್ ಅಣುಸ್ಥಾವರದ ದೊಡ್ಡ ಗೋಪುರಗಳೂ ಕಾಣುತ್ತವೆ. ಊರ ನಡುವೆ ದುಂಡಗಿನ ಧಾನ್ಯದ ಸಂತೆಕಟ್ಟೆ ಇದೆ. ಅದರ ಸುತ್ತ ಒಂದು ಸಲ ನಡೆದು ಬಾ.

ಮರದ ಬೇರುಗಳು ಕೆಲವು ಕಡೆ ದಾರಿಯನ್ನು ಉಬ್ಬಿಸಿರುತ್ತವೆ. ನೆರಳಲ್ಲಿ ಅದು ಗೊತ್ತಾಗಲ್ಲ, ಜೋರು ಬೇಡ. ಸೇತುವೆಗಳ ಕೆಳಗೆ ಎದುರಿಗೆ ಬರುವವರು ಕಾಣುವುದಿಲ್ಲ, ಬೆಲ್ ಹೊಡಿ. ಚಿಕ್ಕ ಊರುಗಳಲ್ಲಿ ಮಧ್ಯಾಹ್ನ ಅಂಗಡಿಗಳು ಮುಚ್ಚಿರುತ್ತವೆ, ಭಾನುವಾರವಂತೂ ಕೇಳಲೇಬೇಡ. ಬೆಳಗ್ಗೆಯೇ ಬ್ರೆಡ್ಡು, ಹಣ್ಣು, ನೀರು ತುಂಬಿಕೋ. ಜುಲೈ-ಆಗಸ್ಟ್‌ನಲ್ಲಿ ಬಿಸಿಲು ಜಾಸ್ತಿ. ಸೆಪ್ಟೆಂಬರ್‌ನಲ್ಲಿ ಹೊರಟರೆ ಮ್ವಾಸಾಕ್‌ನ ಷಾಸ್ಲಾ ದ್ರಾಕ್ಷಿ ಸಿಗುತ್ತದೆ. ತೆಳು ಸಿಪ್ಪೆ, ಒಳ್ಳೆ ಸಿಹಿ.

ಅಜೆನ್‌ನಲ್ಲಿ ಸ್ಟೇಷನ್ ಕಾಲುವೆ ಪಕ್ಕದಲ್ಲೇ ಇದೆ. ಕಂಡ ತಕ್ಷಣ ಒಳಗೆ ನುಗ್ಗಬೇಡ, ಇನ್ನೂ ಸ್ವಲ್ಪ ಮುಂದೆ ಹೋಗು. ಅಲ್ಲಿ ಕಾಲುವೆಯೇ ಸೇತುವೆ ಹತ್ತಿ ನದಿ ದಾಟುತ್ತದೆ. 23 ಕಮಾನು, 539 ಮೀಟರ್ ಉದ್ದ. ಕೆಳಗೆ ಗರೋನ್, ಮೇಲೆ ನೀರಲ್ಲಿ ದೋಣಿ, ಅದರ ಪಕ್ಕದಲ್ಲಿ ನೀನು. ಅದನ್ನು ನೋಡಿಕೊಂಡು ಬಂದೇ ರೈಲು ಹತ್ತು.

ಹೊರಡುವ ದಿನ ಗೊತ್ತಾದರೆ ಮೊದಲೇ ತಿಳಿಸು. ಒಬ್ಬಳೇ ಹೋಗ್ತೀಯೋ, ಗೆಳತಿ ಜೊತೆಗಿರ್ತಾಳೋ ಅದನ್ನೂ ಬರೆ.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ