ಆಯಿಲ್ ಇಳಿದರೆ ಎಂಜಿನ್ ಬಿಚ್ಚುವ ಆತುರವೇಕೆ?

ಮಾನ್ಯ ಸಂಪಾದಕರೇ,

ಕಾರಿನ ಎಂಜಿನ್ ಆಯಿಲ್ ಬೇಗ ಇಳಿಯುತ್ತಿದೆ ಎಂದೊಡನೆ ‘ಎಂಜಿನ್ ಬಿಚ್ಚಬೇಕು’ ಎನ್ನುವ ಗ್ಯಾರೇಜುಗಳಿವೆ. ಮೊದಲು ಅಳತೆಯಾಗಲಿ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆರಿಸಿ, ಹತ್ತು ನಿಮಿಷ ಬಿಟ್ಟು, ಆಯಿಲ್ ಅಳೆಯುವ ಕಡ್ಡಿಯ (ಡಿಪ್‌ಸ್ಟಿಕ್) ಮೇಲಿನ ಗೆರೆಯವರೆಗೆ ಆಯಿಲ್ ತುಂಬಿ. 1000 ಕಿ.ಮೀ. ಓಡಿಸಿದ ಮೇಲೆ ಅದೇ ಗೆರೆ ಮುಟ್ಟಿಸಲು ಎಷ್ಟು ಬೇಕಾಯಿತೋ ಅದೇ ನಿಜವಾದ ಲೆಕ್ಕ. ಅರ್ಧ ಲೀಟರ್ ದಾಟಿದರೆ ಕಾರಣ ಹುಡುಕಲೇಬೇಕು.

ರಾತ್ರಿ ಕಾರಿನಡಿ ರಟ್ಟು ಹಾಸಿಟ್ಟರೆ ಸೋರಿಕೆ ಬೆಳಿಗ್ಗೆ ಕಾಣುತ್ತದೆ. ವಾಲ್ವ್ ಕವರ್ ಗ್ಯಾಸ್ಕೆಟ್, ಡ್ರೈನ್ ಬೋಲ್ಟ್‌ನ ವಾಷರ್, ಕ್ರ್ಯಾಂಕ್ ಸೀಲ್ ಸಾಮಾನ್ಯ ಜಾಗಗಳು. ಸೋರಿಕೆ ಇಲ್ಲವೆ? ಎಂಜಿನ್ ಒಳಗಿನ ಅನಿಲವನ್ನು ಇನ್‌ಟೇಕ್‌ಗೆ, ಅಂದರೆ ಗಾಳಿ ಒಳಸೇರುವ ಕೊಳವೆಗೆ, ಬಿಡುವ ಪಿಸಿವಿ ವಾಲ್ವ್ ಬಿಚ್ಚಿ ನೋಡಿ. ಅದು ಕಟ್ಟಿಕೊಂಡರೆ ಎಂಜಿನ್ ಒಳಗೆ ಒತ್ತಡ ಏರಿ ಆಯಿಲ್ ಸೀಲುಗಳಿಂದ ಹೊರಬರುತ್ತದೆ. ತೆರೆದೇ ಉಳಿದರೆ ಆಯಿಲ್ ಇನ್‌ಟೇಕ್‌ಗೆ ಸೇರಿ ಉರಿಯುತ್ತದೆ. ಇಷ್ಟು ಅಗ್ಗದ ಭಾಗವನ್ನು ಕೊನೆಗೆ ನೋಡುವುದೇ ನಮ್ಮಲ್ಲಿ ರೂಢಿ!

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸುತ್ತ ಆಯಿಲ್ ತಡೆಯುವ ರಬ್ಬರ್ (ವಾಲ್ವ್ ಸೀಲ್) ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಅನೇಕ ಎಂಜಿನ್‌ಗಳಲ್ಲಿ ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸದೆಯೇ ಅದನ್ನು ಬದಲಿಸಬಹುದು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗೆಲ್ಲ ಹೊಗೆ ಬಂದರೆ ಪಿಸ್ಟನ್ ರಿಂಗುಗಳ ಮೇಲೆ ಅನುಮಾನ. ಪೆಟ್ರೋಲ್ ಎಂಜಿನ್ನಿನ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆದು, ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಸಂಖ್ಯೆ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಆಗ ಬಿಚ್ಚಿಸಿ. ದಪ್ಪ ಆಯಿಲ್ ಹಾಕಿಸುವುದು ರಿಪೇರಿಯಲ್ಲ.

– ಒಬ್ಬ ಮೆಕ್ಯಾನಿಕ್, ದಾವಣಗೆರೆ