ಉಂದಾಸ್ ಹತ್ತಿರವಾದಾಗ ಮೊಮ್ಮಗಳಿಗೆ

ಚಿರಂಜೀವಿ ಮೊಮ್ಮಗಳಿಗೆ, ಫಿಲಿಪ್ಪೀನ್ಸ್‌ನ ಕೆಸೋನ್ ಪ್ರಾಂತ್ಯದಿಂದ ನಿನ್ನ ಲೋಲಾ, ಈ ಅಜ್ಜಿ, ಮಾಡುವ ಆಶೀರ್ವಾದಗಳು.

ಹ್ಯಾಲೋವೀನ್ ದಿನ ಮಗನಿಗೆ ವೇಷ ಹಾಕಿಸಿ ಕಳುಹಿಸಬೇಕೆಂದು ಕ್ಯಾಲಿಫೋರ್ನಿಯಾದ ಶಾಲೆಯಿಂದ ಚೀಟಿ ಬಂದಿದೆಯೆಂದೂ, ನಿನ್ನ ಬಾಲ್ಯದಲ್ಲಿ ಇಂಥದ್ದೇನೂ ಇರಲಿಲ್ಲವಾದ್ದರಿಂದ ಅವನಿಗೆ ಏನು ಹೇಳಬೇಕೆಂದು ತೋಚುತ್ತಿಲ್ಲವೆಂದೂ ಬರೆದಿದ್ದೀಯೆ. ವೇಷವನ್ನು ಧಾರಾಳವಾಗಿ ಹಾಕಿಸು. ಈಗ ಮನಿಲಾದ ಮಾಲ್‌ಗಳಲ್ಲೇ ಮಕ್ಕಳು ರಕ್ಕಸರಾಗಿ ಮಿಠಾಯಿ ಬೇಡುತ್ತಾರೆ. ಆದರೆ ‘ಏನೂ ಇರಲಿಲ್ಲ’ ಎಂಬ ಮಾತನ್ನು ನಾನು ಒಪ್ಪಲಾರೆ. ತೀರಿಕೊಂಡವರನ್ನು ನೆನೆಯುವ ನಮ್ಮ ಉಂದಾಸ್ ಇತ್ತಲ್ಲ.

ಅಕ್ಟೋಬರ್ ಕೊನೆಯ ವಾರ ನಿನ್ನ ಲೋಲೊ, ನಿನ್ನ ಅಜ್ಜ, ಮಚ್ಚು, ಪೊರಕೆ, ಸುಣ್ಣದ ಡಬ್ಬಿ ಹಿಡಿದು ಸ್ಮಶಾನಕ್ಕೆ ಹೊರಡುತ್ತಿದ್ದರು. ಅವರು ಹುಲ್ಲು ಸವರಿ, ಸಮಾಧಿಗೆ ಸುಣ್ಣ ಬಳಿದು, ಮಾಸಿದ ಹೆಸರುಗಳ ಮೇಲೆ ಸಣ್ಣ ಕುಂಚದಿಂದ ಕಪ್ಪು ಬಣ್ಣ ಎಳೆಯುವಾಗ ಡಬ್ಬಿ ಹಿಡಿದು ನಿಲ್ಲುವ ಕೆಲಸ ನಿನ್ನದಾಗಿತ್ತು. ನವೆಂಬರ್ 1ರಂದು ಅನ್ನ, ಅಡೋಬೊ ಎಂಬ ಮಾಂಸದ ಪಲ್ಯ, ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಸುಮಾನ್ ಕಟ್ಟಿಕೊಂಡು ಹೋಗಿ, ಸಮಾಧಿಯ ಪಕ್ಕದಲ್ಲೇ ಚಾಪೆ ಹಾಸಿ, ಜಪಮಾಲೆಯ ಪ್ರಾರ್ಥನೆ ಮುಗಿಸಿ, ರಾತ್ರಿ ಬಹಳ ಹೊತ್ತು ಕೂತಿರುತ್ತಿದ್ದೆವು. ನೀವು ಮಕ್ಕಳು ಸಮಾಧಿಯಿಂದ ಸಮಾಧಿಗೆ ಓಡಿ, ಕರಗಿ ಇಳಿದ ಮೇಣವನ್ನು ಕೆರೆದು ಉಂಡೆ ಕಟ್ಟಿ, ಯಾರದು ದೊಡ್ಡದೆಂದು ಜಗಳವಾಡುತ್ತಿದ್ದಿರಿ. ಬಿಸಿ ಮೇಣ ತಾಗಿ ನೀನು ಅತ್ತ ವರ್ಷ, ನನ್ನ ತಾಯಿಯ ಸಮಾಧಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ನಿನ್ನ ಬೆರಳಿಗೆ ಊದಿದ್ದೆ. ಅಸ್ವಾಂಗ್ ಪಿಶಾಚಿ ಎಂದರೆ ಗಡಗಡ ನಡುಗುತ್ತಿದ್ದ ನೀನು, ಪೊದೆ ದಾಟುವಾಗ ‘ತಬಿ-ತಬಿ ಪೊ’ ಎಂದು ಕಾಣದವರ ಅನುಮತಿ ಕೇಳದೆ ಹೆಜ್ಜೆ ಇಡದ ನೀನು, ಅಂದು ಆ ಕಟ್ಟೆಯ ಮೇಲೆಯೇ ನಿದ್ದೆ ಹೋದೆ.

ವೇಷವೂ ನಮಗೆ ಹೊಸದಲ್ಲ. ನಾನು ಹುಡುಗಿಯಾಗಿದ್ದಾಗ ಪಂಗಂಗಲುಲುವಾ ಎಂದು ರಾತ್ರಿ ಬಿಳಿ ಬಟ್ಟೆ ಹೊದ್ದು, ಸತ್ತವರ ಪಾಪ ತೊಳೆಯುವ ಶುದ್ಧೀಕರಣಸ್ಥಳದಿಂದ ಬಂದ ಆತ್ಮಗಳಂತೆ ಮನೆಮನೆಯ ಮುಂದೆ ಹಾಡಿ, ಸ್ವರ್ಗದ ಬಾಗಿಲು ಮುಚ್ಚುವ ಮೊದಲು ಭಿಕ್ಷೆ ಕೊಡಿರೆಂದು ಬೇಡುತ್ತಿದ್ದೆವು. ಕೊಟ್ಟವರ ಮನೆಯಲ್ಲಿ ಸುಮಾನ್ ಸಿಗುತ್ತಿತ್ತು, ಕೊಡದವರ ಮನೆಯಲ್ಲಿ ಬೆಳಗಾಗುವಷ್ಟರಲ್ಲಿ ಕೋಳಿ ಕಾಣೆಯಾಗಿರುತ್ತಿತ್ತು. ಒಂದು ಕೋಳಿಯಲ್ಲಿ ನನಗೂ ಪಾಲಿತ್ತೆಂಬುದನ್ನು ಮಗನಿಗೆ ಬೇಕಾದರೆ ಹೇಳು.

ನಾನು ಕೇಳುವುದು ಇಷ್ಟೆ: ಹ್ಯಾಲೋವೀನ್‌ನ ಮರುದಿನ ಸಂಜೆ ಅವನ ಕೈಯಿಂದಲೇ ಹೊಸ್ತಿಲ ಬಳಿ ಮೇಣದಬತ್ತಿ ಹಚ್ಚಿಸು, ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು, ಪ್ರತಿಯೊಂದಕ್ಕೂ ಹೆಸರು ಹೇಳಿಸು. ಅವರು ಹೇಗೆ ಸತ್ತರೆಂಬುದಕ್ಕಿಂತ ಏನು ತಿನ್ನಲು ಇಷ್ಟಪಡುತ್ತಿದ್ದರೆಂದು ತಿಳಿಸು. ಸಮಾಧಿ ದೂರವಿದೆಯೆಂದು ನೆಪ ಹೇಳಬೇಡ. 2020ರಲ್ಲಿ ಕೋವಿಡ್ ಕಾರಣ ಅಕ್ಟೋಬರ್ 29ರಿಂದ ನವೆಂಬರ್ 4ರವರೆಗೆ ದೇಶದ ಎಲ್ಲ ಸ್ಮಶಾನಗಳನ್ನೂ ಮುಚ್ಚಿದ್ದಾಗ, ಹತ್ತು ನಿಮಿಷದ ದಾರಿಯಲ್ಲಿದ್ದ ನಾನೂ ಹೊಸ್ತಿಲಲ್ಲೇ ಹಚ್ಚಿದ್ದೆ.

ಲೋಲೊ ಹೆಸರಿನ ಕೊನೆಯ ಎರಡು ಅಕ್ಷರಗಳು ಈ ಮಳೆಗೆ ಮಾಸಿವೆ. 31ರ ಬೆಳಿಗ್ಗೆ ನಿನ್ನ ತಮ್ಮ ಬಣ್ಣ ಎಳೆಯುತ್ತಾನೆ, ಆಗ ವಿಡಿಯೊ ಕರೆ ಮಾಡುತ್ತೇನೆ. ಇಲ್ಲಿ 8 ಗಂಟೆಯಾದರೆ ನಿಮಗೆ ಹಿಂದಿನ ದಿನದ ಸಂಜೆ 5. ಹುಡುಗನನ್ನು ಎಲ್ಲಿಗೂ ಕಳುಹಿಸಬೇಡ, ಅಕ್ಷರಗಳನ್ನು ಅವನೇ ಒಂದೊಂದಾಗಿ ಹೇಳಲಿ.

ಇಂತು ನಿನ್ನ
ಲೋಲಾ