ಮೊದಲ ಸಲ 1911 ಪಿಸ್ತೂಲು ಕೊಳ್ಳುವವರಿಗೆ

ಗೆಳೆಯರೇ, ಕಡಿಮೆ ಬಜೆಟ್‌ನಲ್ಲಿ ಮೊದಲ ಸಲ ಕೊಳ್ಳಲು 1911 ಮಾದರಿಯ ಯಾವ ಪಿಸ್ತೂಲು ಒಳ್ಳೆಯದು ಅಂತ ಹಲವರು ಕೇಳಿದ್ದೀರಿ. 5 ಇಂಚು ಬ್ಯಾರೆಲ್‌ನ ಪೂರ್ಣ ಅಳತೆಯದ್ದನ್ನೇ ತೆಗೆದುಕೊಳ್ಳಿ. ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಈ ಪಿಸ್ತೂಲನ್ನು ರೂಪಿಸಿದ್ದೇ ಆ ಅಳತೆಗೆ. ಗಿಡ್ಡ ಮಾದರಿಗಳು ಚೆಂದ ಕಾಣುತ್ತವೆ, ಆದರೆ ಒದೆತ ಜಾಸ್ತಿ, ಗುಂಡು ಸಿಕ್ಕಿಕೊಳ್ಳುವುದೂ ಜಾಸ್ತಿ. ಫಿಲಿಪೀನ್ಸ್‌ನ ರಾಕ್ ಐಲೆಂಡ್, ಟರ್ಕಿಯ ಟಿಸಾಸ್ ಎರಡೂ ಬ್ರ್ಯಾಂಡಿನ ಪಿಸ್ತೂಲುಗಳು ಕೈಗೆಟುಕುವ ಬೆಲೆಯವು. ಅಭ್ಯಾಸ ಜಾಸ್ತಿ ಮಾಡುವವರು 9 ಎಂಎಂ ಗುಂಡಿನ ಮಾದರಿ ನೋಡಿ, ಅದರ ಗುಂಡು 1911ರ ಮೂಲ ಗಾತ್ರವಾದ .45 ಗುಂಡಿಗಿಂತ ಅಗ್ಗ.

ಉಳಿದ ಹಣವನ್ನು ಒಳ್ಳೆಯ ಮ್ಯಾಗಜೀನ್‌ಗೆ (ಗುಂಡು ತುಂಬುವ ಡಬ್ಬಿ) ಹಾಕಿ. ಗುಂಡು ಸಿಕ್ಕಿಕೊಳ್ಳುವ ಗೋಳು ಎಷ್ಟೋ ಸಲ ಅಲ್ಲಿಂದಲೇ ಶುರುವಾಗುತ್ತದೆ.

ಹಳೆಯದನ್ನು ಕೊಳ್ಳುವಾಗ ಮೊದಲು ಖಾಲಿ ಇದೆಯೇ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಮಾರುವವರ ಒಪ್ಪಿಗೆ ಕೇಳಿ, ಹ್ಯಾಮರ್ (ಗುಂಡು ಸಿಡಿಸಲು ಬಡಿಯುವ ಭಾಗ) ಹಿಂದಕ್ಕೆಳೆದು ನಿಲ್ಲಿಸಿ, ಗ್ರಿಪ್ ಸೇಫ್ಟಿ (ಹಿಡಿಯ ಹಿಂಭಾಗದಲ್ಲಿ ಒತ್ತಿ ಹಿಡಿಯುವ ಸುರಕ್ಷತಾ ಭಾಗ) ಒತ್ತದೆ ಟ್ರಿಗರ್ ಎಳೆಯಿರಿ. ಹ್ಯಾಮರ್ ಬೀಳಲೇಬಾರದು. ಬಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಲೈಸೆನ್ಸ್ ಕೆಲಸ ಮುಗಿಯದೆ ಮುಂಗಡ ಕೊಡಬೇಡಿ.